ಪಾದರಸದ ಎತ್ತರ, ವಿಮಾನದ ಎತ್ತರ

ನಾನು ಬೆಂಗಳೂರಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಬೋಧಿಸಲಾರಂಭಿಸಿದ ಮೊದಲ ವರ್ಷಗಳ ಮಾತು. ವಾಯುಭಾರಮಾಪಕದ ಪ್ರಯೋಗದಲ್ಲಿ ಒಬ್ಬ ವಿದ್ಯಾರ್ಥಿ ಪಾದರಸದ ಎತ್ತರ 68 ಸೆಂಟಿಮೀಟರ್ ಎಂದು ಬರೆದಿದ್ದ. ಪುಸ್ತಕದಲ್ಲಿ 76 ಇದೆಯಲ್ಲ ಎಂದು ಗದರಿ ಕೆಂಪು ಶಾಯಿಯಲ್ಲಿ ತಿದ್ದಿದೆ. 76 ಎಂಬುದು ಸಮುದ್ರಮಟ್ಟದ ಲೆಕ್ಕ. ಸುಮಾರು 3,000 ಅಡಿ ಮೇಲಿರುವ ನಮ್ಮೂರಿಗೆ 68ರ ಆಸುಪಾಸೇ ಸರಿ ಎಂಬುದು ಆ ರಾತ್ರಿ ಹೊಳೆಯಿತು. ಆದರೆ ಮರುದಿನ ಅದನ್ನು ಒಪ್ಪಿಕೊಳ್ಳುವ ಧೈರ್ಯ ನನಗಾಗಲಿಲ್ಲ.

ಈ ಸತ್ಯವನ್ನು 1648ರಲ್ಲೇ ಪ್ಯಾಸ್ಕಲ್ ತೋರಿಸಿಕೊಟ್ಟಿದ್ದನು. ಅವನ ಕೋರಿಕೆಯಂತೆ ಭಾವ ಪೆರಿಯೇ ಫ್ರಾನ್ಸಿನ ಪ್ಯೂಯಿ ದ ಡೋಮ್ ಬೆಟ್ಟವನ್ನು ಏರಿದಾಗ ಪಾದರಸವು ಎಂಟು ಸೆಂಟಿಮೀಟರಿಗೂ ಮಿಕ್ಕಿ ಇಳಿದಿತ್ತು. ವಿಮಾನದ ಆಲ್ಟಿಮೀಟರ್ ಅಳೆಯುವುದೂ ಎತ್ತರವನ್ನಲ್ಲ, ಗಾಳಿಯ ಒತ್ತಡವನ್ನೇ. ಒತ್ತಡವಾದರೋ ಹವೆಯೊಡನೆ ಬದಲಾಗುತ್ತದೆ. 10 ಹೆಕ್ಟೋಪಾಸ್ಕಲ್‌ನಷ್ಟು ಕುಸಿದರೂ ಪೈಲಟ್ ಉಪಕರಣವನ್ನು ಹೊಂದಿಸದಿದ್ದರೆ, ವಿಮಾನವು ಮುಳ್ಳು ತೋರಿಸುವುದಕ್ಕಿಂತ ಸುಮಾರು 270 ಅಡಿ ಕೆಳಗಿರುತ್ತದೆ. ಆದುದರಿಂದಲೇ 1928ರಲ್ಲಿ ಪಾಲ್ ಕೋಲ್ಸ್‌ಮನ್ ರೂಪಿಸಿದ ಸೂಕ್ಷ್ಮ ಆಲ್ಟಿಮೀಟರ್ ಅಮೂಲ್ಯವಾಯಿತು. ಮರುವರ್ಷ ಜಿಮ್ಮಿ ಡೂಲಿಟಲ್ ಹೊರಗೇನೂ ಕಾಣದಂತೆ ಮುಚ್ಚಿದ ಆಸನದಲ್ಲಿ ಕುಳಿತು, ಅದನ್ನೂ ಇತರ ಉಪಕರಣಗಳನ್ನೂ ನಂಬಿ ಹಾರಿ ಇಳಿದನು. ಇಂದು ಕೆಳಗೆ ಹಾರುವವರು ನಿಯಂತ್ರಕರು ತಿಳಿಸುವ ಸ್ಥಳೀಯ ಒತ್ತಡವನ್ನೂ, ಗೊತ್ತಾದ ಮಟ್ಟದಿಂದ ಮೇಲೆ ಹಾರುವವರೆಲ್ಲರೂ 1013 ಹೆಕ್ಟೋಪಾಸ್ಕಲನ್ನೂ ಇರಿಸಿಕೊಳ್ಳುತ್ತಾರೆ. ಎಲ್ಲರ ಅಳತೆಗೋಲು ಒಂದೇ ಆದರೆ ನಡುವಿನ ಅಂತರ ಉಳಿಯುತ್ತದೆ.

ಆದರೆ ಅಳೆದರೆ ಸಾಲದು, ಅಳತೆಯನ್ನು ಪಾಲಿಸಿ, ಇದ್ದದ್ದನ್ನು ಇದ್ದಂತೆ ಹೇಳಬೇಕು. 1996ರ ನವೆಂಬರ್ 12ರ ಸಂಜೆ ದೆಹಲಿಗೆ ಇಳಿಯಲಿದ್ದ ಕಜಕಿಸ್ತಾನದ ವಿಮಾನಕ್ಕೆ 15,000 ಅಡಿಯವರೆಗೆ, ಅಲ್ಲಿಂದ ಹೊರಟಿದ್ದ ಸೌದಿ ವಿಮಾನಕ್ಕೆ 14,000 ಅಡಿಯವರೆಗೆ ಅನುಮತಿ ಇತ್ತು. ಆಗ ಅಲ್ಲಿನ ರೇಡಾರ್ ಎತ್ತರವನ್ನು ತೋರಿಸುತ್ತಿರಲಿಲ್ಲ. ನಿಯಂತ್ರಕರಿಗೆ ಪೈಲಟ್‌ಗಳ ಮಾತೇ ಆಧಾರ. 15,000 ಮುಟ್ಟಿದ್ದೇವೆಂದು ವರದಿಮಾಡಿದ ಕಜಕ್ ವಿಮಾನ ಇನ್ನೂ ಕೆಳಗಿಳಿಯಿತು. ಚರ್ಖಿ ದಾದ್ರಿಯ ಮೇಲೆ ಎರಡೂ ಡಿಕ್ಕಿಯಾಗಿ 349 ಮಂದಿಯೂ ಮಡಿದರು. ಆ ಬಳಿಕ ಭಾರತದಲ್ಲಿ ಎತ್ತರವನ್ನೂ ತೋರಿಸುವ ರೇಡಾರ್, ಡಿಕ್ಕಿ ತಪ್ಪಿಸುವ ಉಪಕರಣಗಳು ಬಂದವು.

ಆ ಸುದ್ದಿ ಓದಿದ ದಿನ ನನಗೆ ನೆನಪಾದುದು ಆ ಕೆಂಪು ಶಾಯಿ. ಕಂಡದ್ದನ್ನು ಕಂಡಂತೆ ಬರೆದವನಿಗೆ, ಬೇರೆ ಅಂಕಿ ಬರೆ ಎಂದು ಕಲಿಸಿದವನು ನಾನು. ಅಂದು 68 ಎಂದು ಬರೆದ ಶಿಷ್ಯನು ಇದನ್ನೋದುತ್ತಿದ್ದರೆ ತಿಳಿಯಲಿ: ನಿನ್ನ ಉತ್ತರವೇ ಸರಿಯಾಗಿತ್ತು, ಮಗೂ. ತಡವಾದರೂ, ನಿನ್ನ ಮೇಷ್ಟ್ರನ್ನು ಕ್ಷಮಿಸು.