ಕುರ್ಚಿಯ ಬೆನ್ನು, ಚೀಲದ ಬೆನ್ನು



ಟೊಂಕ ಹಿಡಿಯದ ಮನೆ ನಮ್ಮ ಸೀಮೆಯಲ್ಲಿ ಎಷ್ಟಿವೆ, ನೀವೇ ಎಣಿಸಿ ನೋಡಿರಿ. ಒಬ್ಬರಿಗೆ ನೀರಿನ ಕೊಡ ಎತ್ತುವಾಗ ಹಿಡಿದಿರುತ್ತದೆ, ಮತ್ತೊಬ್ಬರಿಗೆ ಗೊಬ್ಬರದ ಚೀಲ ಇಳಿಸುವಾಗ, ಇನ್ನೊಬ್ಬರಿಗೆ ಬರೀ ಸೀನಿದ್ದಕ್ಕೆ. ಆಗ ಮನೆಯವರು ಹೇಳುವ ಮಾತು ಒಂದೇ: "ಸುಮ್ಮನೆ ಮಲಗು." ಈ ಸಲಹೆ ಎಲ್ಲಿಂದ ಬಂತು, ಅದು ಸರಿಯೇ, ಮಲಗಿದವನ ಹೊಟ್ಟೆ ಯಾಕೆ ಬೆಳೆಯುತ್ತದೆ ಎಂಬ ಇತಿಹಾಸವನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ. ನಾನು ವೈದ್ಯನಲ್ಲ. ಮ್ಯಾಟ್ರಿಕ್ ಪಾಸಾಗಿ, ಸೊಲ್ಲಾಪುರದ ಒಂದು ಬ್ಯಾಂಕಿನಲ್ಲಿ ನಲವತ್ತು ವರ್ಷ ಲೆಕ್ಕ ಬರೆದು ನಿವೃತ್ತನಾದ ಕಾರಕೂನ. ಲೆಕ್ಕ ತಾಳೆಯಾಗದಿದ್ದರೆ ಹಿಂದಿನ ಪುಟ ತಿರುವಿ ನೋಡುವುದು ನನ್ನ ಕಸುಬು. ಇಲ್ಲಿಯೂ ಅಷ್ಟನ್ನೇ ಮಾಡಿದ್ದೇನೆ.

1987ರ ಡಿಸೆಂಬರ್ ತಿಂಗಳು. ಆಗ ಬ್ಯಾಂಕುಗಳ ವರ್ಷದ ಲೆಕ್ಕ ಡಿಸೆಂಬರ್ 31ಕ್ಕೆ ಮುಗಿಯುತ್ತಿತ್ತು. ಕಂಪ್ಯೂಟರ್ ಇನ್ನೂ ನಮ್ಮ ಶಾಖೆಗೆ ಬಂದಿರಲಿಲ್ಲ. ಕೆಳಗಿನ ಕಪಾಟಿನಿಂದ ಮೂರು ಲೆಜ್ಜರುಗಳನ್ನು ಒಟ್ಟಿಗೆ ಎತ್ತಿ, ನಿಂತಲ್ಲೇ ನಡು ತಿರುಗಿಸಿ ಮೇಜಿನ ಮೇಲೆ ಇಡಲು ಹೋದೆ. ಟೊಂಕದಲ್ಲಿ ಚುಳುಕ್ ಎಂದಿತು. ನೆಟ್ಟಗಾಗಲು ಬರಲಿಲ್ಲ. ಆ ಕಾಲದ ರೂಢಿಯಂತೆ ಹಲಗೆಯ ಮೇಲೆ ಮಲಗಲು ಹೇಳಿದರು. ಸಂಬಳದ ರಜೆ ಬಾಕಿ ಇತ್ತು, ಐದು ವಾರ ಮಲಗಿದೆ. ಊಟ, ಚಹಾ ಎಲ್ಲ ಮಲಗಿದಲ್ಲಿಗೇ ಬಂತು.

ನಮ್ಮ ಶಾಖೆಗೆ ಚಿಲ್ಲರೆ ನಾಣ್ಯದ ಚೀಲ ಹೊತ್ತು ತರುತ್ತಿದ್ದ ಒಬ್ಬ ಹಮಾಲನಿದ್ದ. ಅಕ್ಕಲಕೋಟೆ ಕಡೆಯವನು, ನನಗಿಂತ ಹತ್ತು ವರ್ಷ ಹಿರಿಯ. ನಾವೆಲ್ಲ ಅವನನ್ನು ಮಾಮಾ ಎನ್ನುತ್ತಿದ್ದೆವು. ಉಳಿದ ಹೊತ್ತಿನಲ್ಲಿ ಅಡತಿ ಅಂಗಡಿಗಳಲ್ಲಿ ಕ್ವಿಂಟಲ್ ಚೀಲ ಹೊರುತ್ತಿದ್ದ. ಅದೇ ಚಳಿಗಾಲದಲ್ಲಿ ಅವನಿಗೂ ಟೊಂಕ ಹಿಡಿಯಿತು. ಎರಡು ದಿನ ಮಲಗಿದ. ಮೂರನೆಯ ದಿನ ಬಾಗುತ್ತ ಬಂದು ಚೀಲದ ಬಾಯಿ ಹೊಲಿಯುವ ಹಗುರ ಕೆಲಸ ಹಿಡಿದ. "ಮಕ್ಕೊಂಡರ ಕೂಳು ಯಾರು ಕೊಡ್ತಾರ್ರಿ ಸಾಹೇಬ್ರ?" ಎಂದು ನನ್ನನ್ನು ನೋಡಲು ಬಂದಾಗ ಕೇಳಿದ. ಹದಿನೈದು ದಿನದಲ್ಲಿ ಅವನು ಎಂದಿನಂತಾದ. ನಾನು ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದೆ. ಬಡವರ ಮೈ ಗಟ್ಟಿ ಎಂದು ನಾನು ಸಮಾಧಾನ ಹೇಳಿಕೊಂಡೆ. ಅದು ತಪ್ಪು ಲೆಕ್ಕ ಎಂದು ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು.

ಬೆನ್ನುನೋವು ಹೊಸ ರೋಗವೇನಲ್ಲ. ಟೊಂಕದಿಂದ ಕಾಲಿಗೆ ಇಳಿಯುವ ನೋವನ್ನು, ಇಂದು ನಾವು ಸಯಾಟಿಕಾ ಎನ್ನುವುದನ್ನು, ಆಯುರ್ವೇದ ಗೃಧ್ರಸಿ ಎಂದು ಕರೆಯಿತು. ಗೃಧ್ರ ಎಂದರೆ ಹದ್ದು. ರೋಗಿಯ ನಡಿಗೆ ಹದ್ದಿನ ನಡಿಗೆಯಂತೆ ಕಾಣುತ್ತದೆ ಎಂದು ಈ ಹೆಸರು ಎನ್ನುತ್ತಾರೆ. ಚರಕಸಂಹಿತೆಯು ಅತಿಯಾದ ಬೊಜ್ಜನ್ನೂ ವಿವರವಾಗಿ ವಿಚಾರಿಸಿದೆ. ಅತಿ ಊಟ, ಸಿಹಿ ಮತ್ತು ಜಿಡ್ಡಿನ ಪದಾರ್ಥ, ವ್ಯಾಯಾಮ ಇಲ್ಲದಿರುವುದು, ಹಗಲು ನಿದ್ದೆ, ತಂದೆತಾಯಿಯರಿಂದ ಬಂದ ಗುಣ ಇವೇ ಕಾರಣಗಳೆಂದು ಹೇಳುತ್ತದೆ. ಇಂದಿನ ವೈದ್ಯರ ಪಟ್ಟಿಯೂ ಇದಕ್ಕಿಂತ ಬಹಳ ಬೇರೆಯಾಗಿಲ್ಲ.

ಆದರೆ ಯಾವ ಕಸುಬಿಗೆ ಯಾವ ನೋವು ಎಂದು ಒಂದೊಂದಾಗಿ ಕುಳಿತು ಬರೆದವನು ಇಟಲಿಯ ಬರ್ನಾರ್ಡಿನೊ ರಮಾಜಿನಿ. ಇವನು 1633ರಲ್ಲಿ ಹುಟ್ಟಿದವನು. 1700ರಲ್ಲಿ ದುಡಿಯುವವರ ರೋಗಗಳ ಬಗ್ಗೆ ಒಂದು ಗ್ರಂಥ ಪ್ರಕಟಿಸಿದನು. ರೋಗಿಯ ಹತ್ತಿರ ಹೋದಾಗ ವೈದ್ಯ ಕೇಳುವ ಪ್ರಶ್ನೆಗಳ ಜೊತೆಗೆ "ನಿನ್ನ ಕಸುಬು ಯಾವುದು?" ಎಂದೂ ಕೇಳಬೇಕು ಎಂದವನು ಅವನೇ. ಹೊರೆ ಹೊರುವವರು, ನೇಕಾರರು, ಕುಳಿತೇ ದುಡಿದು ಗೂನು ಬಿದ್ದ ದರ್ಜಿಗಳು, ಚಮ್ಮಾರರು ಎಲ್ಲರೂ ಅವನ ಪುಸ್ತಕದಲ್ಲಿದ್ದಾರೆ. 1713ರ ಎರಡನೆಯ ಆವೃತ್ತಿಯಲ್ಲಿ ಅವನು ಗುಮಾಸ್ತರನ್ನೂ ಸೇರಿಸಿದ. ಅವರ ಕಾಯಿಲೆಗೆ ಮೂರು ಕಾರಣ ಕೊಟ್ಟ: ಸದಾ ಕುಳಿತಿರುವುದು, ಕೈಯನ್ನು ಒಂದೇ ರೀತಿಯಲ್ಲಿ ಆಡಿಸುತ್ತಲೇ ಇರುವುದು, ಲೆಕ್ಕದಲ್ಲಿ ತಪ್ಪಾದೀತೆಂಬ ಮನಸ್ಸಿನ ಒತ್ತಡ. ಬಂಧುಗಳೆ, ಇದನ್ನು ಓದಿದಾಗ ಮುನ್ನೂರು ವರ್ಷದ ಹಿಂದೆ ಯಾರೋ ನಮ್ಮ ಕೌಂಟರಿನ ಎದುರು ನಿಂತು ನೋಡಿ ಬರೆದಂತಿದೆ ಎನಿಸಿತು.

ಹಾಗಾದರೆ ಮಲಗುವ ಸಲಹೆ ಎಲ್ಲಿಂದ ಬಂತು? ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹ್ಯೂ ಓವನ್ ಥಾಮಸ್ ಎಂಬ ಮೂಳೆ ವೈದ್ಯನಿದ್ದ. ಕ್ಷಯ ತಗುಲಿದ ಕೀಲಿಗೂ ಮುರಿದ ಮೂಳೆಗೂ ಸಂಪೂರ್ಣ ವಿಶ್ರಾಂತಿ ಕೊಡಬೇಕೆಂದು ಅವನು ಪಟ್ಟುಹಿಡಿದು ಹೇಳಿದ. ಆ ರೋಗಗಳಿಗೆ ಅದು ಒಪ್ಪುವ ಮಾತು. ವಿಶ್ರಾಂತಿಯ ಈ ವಿಚಾರ ನಿಧಾನವಾಗಿ ಸಾಮಾನ್ಯ ಟೊಂಕನೋವಿಗೂ ಹಬ್ಬಿತು. ಮುಂದೆ 1934ರಲ್ಲಿ ಅಮೆರಿಕದ ಬೋಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಇಬ್ಬರು ಶಸ್ತ್ರವೈದ್ಯರು, ಬೆನ್ನುಮೂಳೆಗಳ ನಡುವಿನ ಮೆತ್ತೆ ಒಡೆದು ಹೊರಬಂದು ನರವನ್ನು ಒತ್ತುವುದರಿಂದ ಕಾಲಿಗೆ ನೋವು ಇಳಿಯುತ್ತದೆ ಎಂದು ತೋರಿಸಿದರು. ಆ ಮೆತ್ತೆಯೇ ಡಿಸ್ಕ್. ಇದು ದೊಡ್ಡ ಶೋಧ. ಆದರೆ ಅಂದಿನಿಂದ ಜನರ ಬಾಯಲ್ಲಿ "ಡಿಸ್ಕ್ ಜಾರಿದೆ" ಎಂಬ ಮಾತು ನಿಂತುಬಿಟ್ಟಿತು. ನಿಜವಾಗಿ ಡಿಸ್ಕ್ ಜಾರುವುದಿಲ್ಲ, ಉಬ್ಬುತ್ತದೆ ಅಥವಾ ಒಡೆಯುತ್ತದೆ. ಮೇಲಾಗಿ ಬಹುಪಾಲು ಟೊಂಕನೋವಿಗೆ ಡಿಸ್ಕ್ ಕಾರಣವೆಂದು ತೋರಿಸಲು ಬರುವುದಿಲ್ಲ. ಸ್ನಾಯು, ಕಟ್ಟುನಾರು ಉಳುಕಿದ ನೋವೇ ಹೆಚ್ಚು. ಕೆಲವು ವಾರಗಳಲ್ಲಿ ಅದು ತಾನಾಗಿ ಇಳಿಯುತ್ತದೆ. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರ ಎಂಆರ್‌ಐ ತೆಗೆದು ನೋಡಿದರು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕನಿಷ್ಠ ಒಂದು ಡಿಸ್ಕ್ ಉಬ್ಬಿತ್ತು. ಚಿತ್ರದಲ್ಲಿ ಕಂಡದ್ದೆಲ್ಲ ನೋವಿನ ಕಾರಣವಲ್ಲ.

ಹಲಗೆಯ ಲೆಕ್ಕವನ್ನು ತಾಳೆ ನೋಡಿದ್ದು 1986ರಲ್ಲಿ, ಅಂದರೆ ನಾನು ಮಲಗುವ ಒಂದು ವರ್ಷ ಮೊದಲೇ. ಅಮೆರಿಕದ ಡಾಕ್ಟರ್ ಡೆಯೊ ಮತ್ತು ಸಂಗಡಿಗರು 203 ರೋಗಿಗಳಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಮಲಗಲು ಹೇಳಿದರು. ಎರಡು ದಿನದವರು ಕೆಲಸ ಕಳೆದುಕೊಂಡದ್ದು ಸರಾಸರಿ 3.1 ದಿನ, ಏಳು ದಿನದವರು 5.6 ದಿನ. ಗುಣದಲ್ಲಿ ಬೇರೆ ವ್ಯತ್ಯಾಸ ಕಾಣಲಿಲ್ಲ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ನಗರದ 186 ನೌಕರರನ್ನು ಮೂರು ಗುಂಪು ಮಾಡಿ ನೋಡಿದರು. ಮಲಗಿದವರಿಗಿಂತಲೂ, ನೋವಿನಲ್ಲಿ ವಿಶೇಷ ವ್ಯಾಯಾಮ ಮಾಡಿದವರಿಗಿಂತಲೂ, ತಾಳಿಕೊಳ್ಳುವಷ್ಟು ದಿನನಿತ್ಯದ ಕೆಲಸ ಮುಂದುವರಿಸಿದವರೇ ಬೇಗ ಸುಧಾರಿಸಿದರು. ನಮ್ಮ ಮಾಮಾ ಬಡತನದಿಂದ ಮಾಡಿದ್ದನ್ನು ಹೆಲ್ಸಿಂಕಿಯ ಡಾಕ್ಟರರು ಎಂಟು ವರ್ಷ ಆದಮೇಲೆ ಕಾಗದದ ಮೇಲೆ ಬರೆದರು.

ಇನ್ನು ಹೊಟ್ಟೆಯ ಪುಟ ತಿರುವೋಣ. ಟೊಂಕ ವಾಸಿಯಾದರೂ ನನಗೆ ಒಂದು ಹೆದರಿಕೆ ಉಳಿಯಿತು. ಬಾಗಬಾರದು, ಎತ್ತಬಾರದು, ನಡೆಯಬಾರದು ಎಂದು ನನಗೆ ನಾನೇ ನಿಯಮ ಹಾಕಿಕೊಂಡೆ. ನಡೆದು ಹೋಗುತ್ತಿದ್ದವನು ಸ್ಕೂಟರ್ ಕೊಂಡೆ. ಐವತ್ತನೆಯ ವಯಸ್ಸಿಗೆ ನನ್ನ ತೂಕ 84 ಕಿಲೊ, ಎತ್ತರ 165 ಸೆಂಟಿಮೀಟರ್. ಸಕ್ಕರೆ ಕಾಯಿಲೆಯೂ ಸೇರಿತು. ಮುಂದೆ ಬಂದ ಹೊಟ್ಟೆ ಟೊಂಕವನ್ನು ಎಳೆಯುತ್ತದೆ, ಟೊಂಕ ನೋಯುತ್ತದೆಂದು ಮನುಷ್ಯ ಕುಳಿತೇ ಇರುತ್ತಾನೆ, ಕುಳಿತದ್ದಕ್ಕೆ ಹೊಟ್ಟೆ ಬೆಳೆಯುತ್ತದೆ. ಇದು ಚಕ್ರಬಡ್ಡಿಯಂತೆ.

ಇದರ ಬಗ್ಗೆ ನನಗೆ ಬಹಳ ನಾಚಿಕೆ ತಂದ ಅಧ್ಯಯನ ನಮ್ಮ ದೇಶದ್ದೇ. 1956ರಲ್ಲಿ ಜೀನ್ ಮೇಯರ್ ಎಂಬ ಪೋಷಣಶಾಸ್ತ್ರಜ್ಞರು ಬಂಗಾಳದ ರಾಯ್ ಮತ್ತು ಮಿತ್ರಾ ಎಂಬುವವರೊಡನೆ ಕಲಕತ್ತೆಯ ಹತ್ತಿರದ ಚೆಂಗೈಲ್ ಸೆಣಬಿನ ಗಿರಣಿಯ 213 ಜನರ ಊಟ, ತೂಕ, ದುಡಿಮೆಯ ಲೆಕ್ಕ ಪ್ರಕಟಿಸಿದರು. ಭಾರ ಹೊರುವವರು ಹೆಚ್ಚು ಉಣ್ಣುತ್ತಿದ್ದರು, ಆದರೆ ದಪ್ಪಗಿರಲಿಲ್ಲ. ಹಗುರ ಕೆಲಸದವರು ಕಡಿಮೆ ಉಣ್ಣುತ್ತಿದ್ದರು. ಆದರೆ ಕುಳಿತೇ ಇರುವ ಅಂಗಡಿಯವರೂ ಗುಮಾಸ್ತರೂ ಹಗುರ ಕೆಲಸದವರಿಗಿಂತ ಹೆಚ್ಚು ಉಣ್ಣುತ್ತಿದ್ದರು, ತೂಕವೂ ಅವರದೇ ಹೆಚ್ಚು. ಇದು ಒಂದೇ ಗಿರಣಿಯ ಲೆಕ್ಕ, ಎಲ್ಲರಿಗೂ ಹೊಂದುತ್ತದೆ ಎನ್ನಲು ಬರುವುದಿಲ್ಲ. ನನಗಂತೂ ಹೊಂದಿತು. ಕೌಂಟರಿನಲ್ಲಿ ಕುಳಿತಾಗ ಹಸಿವಿಲ್ಲದೆಯೂ ಎಷ್ಟು ಭಜಿ ತಿಂದಿದ್ದೇನೆಂದು ನನಗೇ ಗೊತ್ತು.

ಹಾಗೆಂದು ನಡೆದ ಮಾತ್ರಕ್ಕೆ ತೂಕ ಇಳಿಯುತ್ತದೆಯೇ? ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬ ಶ್ರೀಮಂತ ಗೃಹಸ್ಥ ಬೊಜ್ಜಿನಿಂದಾಗಿ ಮೆಟ್ಟಿಲನ್ನು ಹಿಂದುಮುಂದಾಗಿ ಇಳಿಯುವಂತಾಗಿದ್ದ. ಮೊದಲು ದೋಣಿ ಹುಟ್ಟು ಹಾಕಿ ನೋಡಿದ. ಹಸಿವು ಹೆಚ್ಚಾಯಿತೇ ಹೊರತು ತೂಕ ಇಳಿಯಲಿಲ್ಲ. ಕೊನೆಗೆ ಸಕ್ಕರೆ, ಬ್ರೆಡ್, ಬಿಯರ್, ಬಟಾಟೆ ಬಿಟ್ಟಾಗ ಇಳಿಯಿತು. 1863ರಲ್ಲಿ ಇದನ್ನೆಲ್ಲ ಒಂದು ಕಿರುಹೊತ್ತಿಗೆಯಾಗಿ ಅಚ್ಚು ಹಾಕಿಸಿದ. ಅವನ ಪಥ್ಯವನ್ನೇ ಹಿಡಿಯಬೇಕೆಂದಿಲ್ಲ. ಆದರೆ ತೂಕದ ಲೆಕ್ಕ ಮುಖ್ಯವಾಗಿ ತಾಟಿನಲ್ಲಿದೆ, ಬೆನ್ನಿನ ಲೆಕ್ಕ ಕಾಲಿನಲ್ಲಿದೆ ಎಂಬುದನ್ನು ಮರೆಯಬಾರದು.

ನಮ್ಮ ಸೀಮೆಯ ಮಾತು ಹೇಳದೆ ಈ ಲೆಕ್ಕ ಮುಗಿಯುವುದಿಲ್ಲ. 1972ರ ಬರಗಾಲದಲ್ಲಿ ನಾನು ಹದಿಮೂರು ವರ್ಷದವನು. ನಮ್ಮ ಜತ್ತ ತಾಲೂಕಿನಲ್ಲಿ ಹೆಂಗಸರು ಗಂಡಸರೆನ್ನದೆ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದರು, ಮಣ್ಣು ಹೊತ್ತರು. ಹೊರದೇಶದ ಕೆಂಪು ಜೋಳ ತಿಂದರು. ಆ ಹಸಿವು ಕಂಡವರು ಮಕ್ಕಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರೆ ತಪ್ಪೆಂದು ಹೇಗೆ ಹೇಳಲಿ? ದಪ್ಪ ಮೈ ನಮಗೆ ಬಹುಕಾಲ ಸುಖದ ಗುರುತಾಗಿತ್ತು. ಅದೇ ನೆರೆಹೊರೆಯಲ್ಲಿ ಔಂಧ ಸಂಸ್ಥಾನವಿತ್ತು. ನಮ್ಮ ಪಕ್ಕದ ಆಟಪಾಡಿ ಅದರಲ್ಲಿ ಸೇರಿತ್ತು. ಅಲ್ಲಿಯ ರಾಜ ಭವಾನರಾವ್ ಪಂತ ಪ್ರತಿನಿಧಿಯವರು ಕಳೆದ ಶತಮಾನದ ಇಪ್ಪತ್ತು ಮೂವತ್ತರ ದಶಕಗಳಲ್ಲಿ ತಾವೇ ಸೂರ್ಯನಮಸ್ಕಾರ ಹಾಕಿ, ಪುಸ್ತಕ ಬರೆದು, ಶಾಲೆಗಳಲ್ಲಿ ರೂಢಿಗೆ ತಂದರು. ಹಣ ಬೇಡದ, ಮೂರು ಮೊಳ ಜಾಗ ಸಾಕಾಗುವ ವ್ಯಾಯಾಮ ನಮ್ಮ ಬಾಗಿಲಲ್ಲೇ ಇತ್ತು. ನಾವು ಅದನ್ನು ಶಾಲೆಯಲ್ಲೇ ಬಿಟ್ಟು ಬಂದೆವು.

ಮಾಮಾನ ಕಥೆ ಅಷ್ಟಕ್ಕೇ ಮುಗಿಯಲಿಲ್ಲ. ದುಡಿಮೆ ಅವನನ್ನು ಒಮ್ಮೆ ಎಬ್ಬಿಸಿತು, ಅದೇ ದುಡಿಮೆ ಮುಂದೆ ಕೆಡವಿತು. ಐವತ್ತು ದಾಟುವ ಮೊದಲೇ ಅವನ ಎಡಗಾಲು ಜೋಮು ಹಿಡಿದು, ಚೀಲ ಬಿಟ್ಟು ಊರು ಸೇರಿದ. ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಗಂಡಾಳಿನ ಹೊರೆ 55 ಕಿಲೊ ಮೀರದಂತೆ ಇಳಿಸಬೇಕೆಂದು ಶಿಫಾರಸು ಮಾಡಿತ್ತು. ಅದೇ ವರ್ಷ ಮಾಡಿದ ಹೊರೆಯ ಒಪ್ಪಂದಕ್ಕೆ ಭಾರತ ಸಹಿ ಕೂಡಿಸಿದ್ದು 2010ರಲ್ಲಿ. ಮಹಾರಾಷ್ಟ್ರದಲ್ಲಿ 1969ರಲ್ಲಿ ಮಾಥಾಡಿ ಹಮಾಲರ ಕಾಯದೆ ಬಂತು. ಕಾಯದೆಗಳೆಲ್ಲ ಇದ್ದರೂ ನಮ್ಮ ಮಾಮಾ ಹೊತ್ತದ್ದು ಕ್ವಿಂಟಲ್ ಚೀಲವನ್ನೇ. ಆದ್ದರಿಂದ "ದುಡಿದರೆ ಬೆನ್ನು ಗಟ್ಟಿ" ಎಂದು ಕುರ್ಚಿಯಲ್ಲಿ ಕುಳಿತವರು ಹೇಳಬಾರದು. ಹೊರೆ ಇಲ್ಲದ ಬೆನ್ನು ಕೆಡುತ್ತದೆ, ಮಿತಿ ಮೀರಿದ ಹೊರೆಗೂ ಕೆಡುತ್ತದೆ.

ಈಗ ನಾವು ಮಾಡಬೇಕಾದದ್ದೇನು? ಟೊಂಕ ಹಿಡಿದರೆ ಒಂದೆರಡು ದಿನ ಆರಾಮ ಮಾಡಿ, ಬಳಿಕ ತಾಳುವಷ್ಟು ಓಡಾಡಿರಿ. ಆದರೆ ಕಾಲಿನ ಶಕ್ತಿ ಕಡಿಮೆಯಾದರೆ, ತೊಡೆಸಂದಿ ಮರಗಟ್ಟಿದರೆ, ಮೂತ್ರ ಮಲದ ಹಿಡಿತ ತಪ್ಪಿದರೆ, ಜ್ವರ ಬಂದರೆ, ತಾನಾಗಿ ತೂಕ ಇಳಿಯತೊಡಗಿದರೆ, ಮುದುಕರು ಬಿದ್ದು ನೋವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ. ಎತ್ತುವಾಗ ನಮ್ಮ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯ ನಂದಿಧ್ವಜ ಹೊರುವವರನ್ನು ನೆನೆಯಿರಿ. ಭಾರವನ್ನು ಮೈಗೆ ಹತ್ತಿರ ಹಿಡಿಯುತ್ತಾರೆ, ಜಾತ್ರೆಗೆ ಎಷ್ಟೋ ದಿನ ಮೊದಲೇ ಅಭ್ಯಾಸ ಮಾಡುತ್ತಾರೆ. ನಡು ತಿರುಗಿಸಬೇಡಿರಿ, ಪಾದವನ್ನೇ ತಿರುಗಿಸಿರಿ. ಕುಳಿತ ಕೆಲಸದವರು ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿರಿ. ಆಸ್ಟ್ರೇಲಿಯದಲ್ಲಿ ಬೆನ್ನುನೋವು ವಾಸಿಯಾದ 701 ಜನರ ಮೇಲೆ ಮಾಡಿದ ಒಂದು ಪರೀಕ್ಷೆ 2024ರಲ್ಲಿ ಪ್ರಕಟವಾಯಿತು. ಕ್ರಮವಾಗಿ ನಡಿಗೆ ಹೆಚ್ಚಿಸಿಕೊಂಡವರಿಗೆ ನೋವು ಮರಳಲು 208 ದಿನ ಹಿಡಿಯಿತು, ಉಳಿದವರಿಗೆ 112 ದಿನ. ಇವು ಗುಂಪಿನ ನಡುವಿನ ಮನುಷ್ಯನ ಅಂಕಿಗಳು.

ತೂಕ ನೋಡುವವರು ಕಿಲೊದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿರಿ. ಬೆಲ್ಜಿಯಂನ ಕೆಟ್ಲೆ ಎಂಬ ಗಣಿತಜ್ಞ 1832ರಲ್ಲಿ ಕೊಟ್ಟ ಲೆಕ್ಕ ಇದು. ಭಾರತೀಯರಿಗೆ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಎಂದು ನಮ್ಮ ತಜ್ಞರು 2009ರಲ್ಲಿ ನಿರ್ಣಯಿಸಿದರು. ಹೊಟ್ಟೆಯ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿರಬೇಕು. ನನ್ನದು 31 ಇತ್ತು. ಚಹಾದ ಸಕ್ಕರೆ ಬಿಟ್ಟೆ, ಭಜಿ ಬಿಟ್ಟೆ, ರಾತ್ರಿ ಒಂದು ರೊಟ್ಟಿ ಕಡಿಮೆ ಮಾಡಿ ಪಲ್ಯ, ಬೇಳೆ ಹೆಚ್ಚಿಸಿದೆ, ಬೆಳಿಗ್ಗೆ ಕೆರೆಯ ಸುತ್ತ ನಡೆದೆ. ಮೂರು ವರ್ಷಕ್ಕೆ 71 ಕಿಲೊ ಆಯಿತು. ಈಗ 26. ಲೆಕ್ಕ ಇನ್ನೂ ಪೂರ್ತಿ ತಾಳೆಯಾಗಿಲ್ಲ, ಆದರೆ ಟೊಂಕ ಸುಮ್ಮನಿದೆ.

ಕೆಲವು ವರ್ಷಗಳ ಹಿಂದೆ ಸಿದ್ಧರಾಮೇಶ್ವರರ ಜಾತ್ರೆಯಲ್ಲಿ ಮಾಮಾ ಸಿಕ್ಕ. ಕೈಯಲ್ಲಿ ಕೋಲು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಸಾಹೇಬ್ರ, ಹಗುರಾಗೀರಿ," ಎಂದ. "ನಿನ್ನ ದಾರೀನ ಹಿಡದೇನಿ ಮಾಮಾ, ಭಾಳ ತಡಾ ಆತು," ಎಂದೆ. ಅವನು ನಕ್ಕು, "ದಾರಿ ಹಿಡೀರಿ, ನನ್ನ ಚೀಲ ಹಿಡೀಬ್ಯಾಡ್ರಿ," ಎಂದ. ಬಂಧುಗಳೆ, ಇಷ್ಟು ಪುಟ ತಿರುವಿದ ಮೇಲೆ ನನಗೆ ಸಿಕ್ಕ ಮೊತ್ತವೂ ಅದೇ.