ವ್ಯಸನವೂ ವಿನೋದವೂ

'ಅವನಿಗೆ ಸಂಗೀತದ ಹುಚ್ಚು' ಎಂದು ನಾವು ಆಡುಮಾತಿನಲ್ಲಿ ಹೇಳುವುದುಂಟು. ಅದರಲ್ಲಿ ಮೆಚ್ಚುಗೆ ಎಷ್ಟು, ಕನಿಕರ ಎಷ್ಟು ಎಂಬುದು ಹೇಳುವವರ ದನಿಯಿಂದ ತಿಳಿಯಬೇಕು. ಮಗಳ ಗಂಡನನ್ನು ಕುರಿತು ಹೇಳಿದರೆ ಅದು ದೂರು. ತೀರಿಹೋದ ವಿದ್ವಾಂಸರನ್ನು ಕುರಿತು ಹೇಳಿದರೆ ಪ್ರಶಂಸೆ. ಒಂದೇ ಮಾತಿಗೆ ಎರಡು ಮುಖ.

ಈ ಇಬ್ಬಂದಿತನ ಇಂದು ನಿನ್ನೆಯದಲ್ಲ. ಕಾಮದಿಂದ ಹುಟ್ಟುವ ಹತ್ತು ವ್ಯಸನಗಳನ್ನು ಅರಸನು ತೊರೆಯಬೇಕೆಂದು ವಿಧಿಸುವ ಮನುಸ್ಮೃತಿಯು ಬೇಟೆ, ಜೂಜು, ಮದ್ಯಗಳ ಸಾಲಿನಲ್ಲಿಯೇ ಗೀತ, ನೃತ್ಯ, ವಾದ್ಯಗಳನ್ನೂ ಕೂರಿಸಿದೆ. ಆದರೆ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅದೇ ಗೀತವಾದ್ಯಗಳು ರಾಜನಿಗೆ ಒಪ್ಪುವ ವಿನೋದಗಳಾಗಿ ನಿಂತಿವೆ. ಚಿತ್ರ ಬರೆಯುವ ಗೋಡೆಯನ್ನು ಹದಗೊಳಿಸುವ ಬಗೆ, ಮೈಗೆ ಪೂಸುವ ಗಂಧ, ಹಾಕುವ ಧೂಪ ಎಲ್ಲಕ್ಕೂ ಅಲ್ಲಿ ಎಡೆಯಿದೆ. ಅದಕ್ಕೂ ನೂರು ವರ್ಷ ಮೊದಲು, ಸುಮಾರು 1025ರಲ್ಲಿ, ಚಾವುಂಡರಾಯನೆಂಬ ಕವಿ ಕನ್ನಡದಲ್ಲಿಯೇ 'ಲೋಕೋಪಕಾರ'ವನ್ನು ಬರೆದು, ಬಾವಿ ತೋಡುವ, ಗಿಡ ಬೆಳೆಸುವ ವಿದ್ಯೆಗಳ ಜೊತೆಗೆ ಸುಗಂಧ ಕೂಡಿಸುವ ವಿದ್ಯೆಗೂ ಜಾಗ ಕೊಟ್ಟಿದ್ದ. ಒಬ್ಬರಿಗೆ ವ್ಯಸನವಾದದ್ದು ಇನ್ನೊಬ್ಬರಿಗೆ ವಿನೋದ, ಮತ್ತೊಬ್ಬರಿಗೆ ಲೋಕಕ್ಕೆ ಉಪಕಾರ. ಯಾವುದು ಯಾವಾಗ ಯಾವುದಾಗುತ್ತದೆ ಎಂಬ ಪ್ರಶ್ನೆಯನ್ನು ಹಿಡಿದು, ನಮ್ಮ ನಾಡಿನ ಹತ್ತಿರದ ಇತಿಹಾಸದಿಂದ ಕೆಲವು ಪ್ರಸಂಗಗಳನ್ನು ನೆನೆಯುವುದು ಈ ಭಾಷಣದ ಉದ್ದೇಶ.

ಮೊದಲನೆಯದು ನಾದದ ಪ್ರಸಂಗ. 1852ರಲ್ಲಿ ಮೈಸೂರಿನಲ್ಲಿ ಹುಟ್ಟಿದ ವೀಣೆ ಶೇಷಣ್ಣನವರು ಆಸ್ಥಾನ ವೈಣಿಕ ಚಿಕ್ಕರಾಮಪ್ಪನವರ ಮಗ. ಮೈಸೂರು ಸದಾಶಿವರಾಯರಲ್ಲಿಯೂ ಶಿಷ್ಯವೃತ್ತಿ ಮಾಡಿದವರು. ವೀಣೆ ಅವರಿಗೆ ಮನೆತನದಿಂದ ಬಂದದ್ದು. ಆದರೆ ಮನೆತನದಿಂದ ಬರುವುದು ವಾದ್ಯ, ವಿದ್ಯೆಯಲ್ಲ. ಅವರು ಪಿಟೀಲು, ಸ್ವರಬತ್, ಜಲತರಂಗ, ಪಿಯಾನೊಗಳನ್ನೂ ನುಡಿಸಬಲ್ಲವರಾಗಿದ್ದರೆಂಬುದನ್ನು ಗಮನಿಸಬೇಕು. ತನ್ನ ವಾದ್ಯವೊಂದೇ ಸಾಕೆನ್ನದೆ ನಾದ ಎಲ್ಲೆಲ್ಲಿ ಅಡಗಿದೆಯೋ ಅಲ್ಲೆಲ್ಲ ತಡಕುವ ಕುತೂಹಲ ಅದು. ಹಾಗೆ ಅಲೆದು ಬಂದ ಬೆರಳುಗಳು ವೀಣೆಗೇ ಮರಳಿದವು. 1926ರಲ್ಲಿ ಅವರು ತೀರಿಕೊಳ್ಳುವ ವೇಳೆಗೆ ಮೈಸೂರು ಬಾನಿ ಎಂಬ ಮಾತಿಗೆ ಅರ್ಥವೇ ಅವರಾಗಿದ್ದರು.

ಆ ನಾದಕ್ಕೆ ಸಿಕ್ಕಿಬಿದ್ದವರಲ್ಲಿ ಒಬ್ಬರು ಚಿತ್ರಕಾರರು. 1886ರಲ್ಲಿ ಚಿತ್ರಗಾರ ಮನೆತನದಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರನ್ನು ನಾಲ್ವಡಿ ಕೃಷ್ಣರಾಜ ಒಡೆಯರು 1909ರಲ್ಲಿ ಕಲ್ಕತ್ತೆಗೆ ಕಳುಹಿಸಿದರು. ಅವನೀಂದ್ರನಾಥ ಠಾಕೂರರ ಬಳಿ, ನಂದಲಾಲ ಬಸು ಮೊದಲಾದವರ ಸಾಲಿನಲ್ಲಿ ಅವರು ಕಲಿತರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಗ್ರಂಥ 1913ರಲ್ಲಿ ಬಂದಾಗ ಅದರಲ್ಲಿ ಅವರ ಚಿತ್ರಗಳೂ ಇದ್ದವು. ಕೀರ್ತಿಯ ಹಾದಿ ತೆರೆದಿತ್ತು. ಅಂಥವರು ಮೈಸೂರಿಗೆ ಮರಳಿ ಶೇಷಣ್ಣನವರ ಮುಂದೆ ಕುಳಿತು ಸರಳೆವರಸೆಯಿಂದ ವೀಣೆ ಕಲಿಯತೊಡಗಿದರು! ಮೂವತ್ತು ದಾಟಿದ ಮೇಲೆ, ಹೆಸರು ಬಂದ ಮೇಲೆ, ಮತ್ತೊಮ್ಮೆ ಶಿಷ್ಯನಾಗುವುದು ಸಾಮಾನ್ಯ ವಿನಯದಿಂದ ಆಗುವ ಕೆಲಸವಲ್ಲ. ಕುಂಚ ಒಂದು ಕಡೆಗೆ ಎಳೆಯಿತು, ತಂತಿ ಇನ್ನೊಂದು ಕಡೆಗೆ. ಈ ತೊಳಲಾಟವನ್ನು ಅವರೇ ಚಿತ್ರವಾಗಿಸಿ, ಅದಕ್ಕೆ 'ವೀಣೆಯ ಹುಚ್ಚು' ಎಂಬ ಅರ್ಥ ಬರುವ ಇಂಗ್ಲಿಷ್ ಹೆಸರನ್ನೇ ಕೊಟ್ಟರು. ಆಡುಮಾತಿನ ಹುಚ್ಚನ್ನು ತಾವಾಗಿ ಒಪ್ಪಿಕೊಂಡ ಕಲಾವಿದರು ನಮ್ಮಲ್ಲಿ ವಿರಳ.

ಆದರೆ ವೀಣೆ ಅವರ ಕುಂಚವನ್ನು ಕೆಡಿಸಿತೆಂದು ನಾನು ನಂಬಲಾರೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನಲ್ಲಿರುವ ಚಿತ್ರಶಾಲೆಗಾಗಿ ಉಳಿದುಬಂದ ಉದಕಮಂಡಲದ, ಕೊಡೈಕಾನಲ್ಲಿನ ಜಲವರ್ಣಗಳನ್ನು ಒಮ್ಮೆ ನೋಡಿ. ಬೆಟ್ಟದ ಮೇಲೆ ಮಂಜು ಸರಿಯುವ ಕ್ಷಣವನ್ನು ಹಿಡಿದ ಆ ಚಿತ್ರಗಳಲ್ಲಿ ಒಂದು ಬಣ್ಣ ಇನ್ನೊಂದಕ್ಕೆ ಜಾರುವ ರೀತಿ ಗಮಕದಂತೆಯೇ ಇದೆ. ನಾನು ಅಲ್ಲಿಗೆ ಹಲವು ಬಾರಿ ಹೋಗಿದ್ದೇನೆ. ಪ್ರತಿಸಲವೂ ಕಣ್ಣಿಗಿಂತ ಕಿವಿ ಎಚ್ಚರಗೊಂಡಂತೆ ಅನಿಸಿದೆ.

ವೆಂಕಟಪ್ಪನವರು ಕಲ್ಕತ್ತೆಯಲ್ಲಿದ್ದ ಕಾಲದಲ್ಲಿಯೇ ಅದೇ ನಗರದಲ್ಲಿ ಇನ್ನೊಬ್ಬ ತರುಣ ಹಣಕಾಸು ಇಲಾಖೆಯ ಅಧಿಕಾರಿಯಾಗಿದ್ದ. ಬೆಳಗ್ಗೆ ಕಚೇರಿಗೆ ಮುನ್ನ, ಸಂಜೆ ಕಚೇರಿಯ ನಂತರ ಬೌಬಜಾರಿನ ವಿಜ್ಞಾನ ಸಂಘದ ಪ್ರಯೋಗಶಾಲೆಗೆ ಹೋಗುವುದು ಅವನ ನಿತ್ಯವ್ರತ. 1917ರಲ್ಲಿ ದೊಡ್ಡ ಸಂಬಳವನ್ನು ಬಿಟ್ಟು ಕಡಿಮೆ ಸಂಬಳದ ಪ್ರಾಧ್ಯಾಪಕ ಹುದ್ದೆಗೆ ಸೇರಿದ ಆ ಚಂದ್ರಶೇಖರ ವೆಂಕಟರಾಮನ್ನರಿಗೆ 1930ರಲ್ಲಿ ನೊಬೆಲ್ ಬಹುಮಾನ ಬಂದದ್ದು ಬೆಳಕಿನ ಸಂಶೋಧನೆಗೆ. ಅದಕ್ಕೆ ಮೊದಲು ವರ್ಷಗಟ್ಟಲೆ ಅವರು ದುಡಿದದ್ದು ನಾದದಲ್ಲಿ. ಅವರ ಪತ್ನಿ ಲೋಕಸುಂದರಿಯವರು ವೀಣೆ ಬಲ್ಲವರು.

ಸಾಮಾನ್ಯ ಚರ್ಮವಾದ್ಯವನ್ನು ಬಡಿದರೆ ಹೊರಡುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಆದ್ದರಿಂದಲೇ ಅದು ಸದ್ದಾಗುತ್ತದೆಯೇ ಹೊರತು ಶ್ರುತಿಯಾಗುವುದಿಲ್ಲ. ಮೃದಂಗ ಮಾತ್ರ ಶ್ರುತಿಗೆ ಕೂಡುತ್ತದೆ. ಏಕೆ? ಬಲಮುಖದ ನಡುವೆ ಪದರಪದರವಾಗಿ ಹಚ್ಚುವ ಕಪ್ಪು ಲೇಪದ ಭಾರ ಚರ್ಮದ ಕಂಪನಗಳನ್ನು ಹದಗೊಳಿಸಿ, ಉಪಸ್ವರಗಳನ್ನು ಮೂಲಸ್ವರದ ಸರಿಯಾದ ಮಡಿಗಳಾಗಿಸುತ್ತದೆ. 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ರಾಮನ್ನರು ಸಹೋದ್ಯೋಗಿಯೊಡನೆ ಇದನ್ನು ಪ್ರಕಟಿಸಿದರು. ಬಳಿಕ ವೀಣೆ ತಂಬೂರಿಗಳತ್ತ ತಿರುಗಿದರು. ತಂತಿಯನ್ನು ಮೀಟಿದ ಜಾಗದಲ್ಲಿ ಯಾವ ಉಪಸ್ವರಕ್ಕೆ ನಿಶ್ಚಲಬಿಂದುವಿದೆಯೋ ಆ ಸ್ವರ ಕೇಳಿಸಬಾರದೆಂಬುದು ಪಶ್ಚಿಮದ ಶಾಸ್ತ್ರ. ನಮ್ಮ ವಾದ್ಯಗಳಲ್ಲಿ ಅದು ಕೇಳಿಸುತ್ತದೆ. ಕಾರಣ, ಚೂಪಾಗಿರದೆ ಬಾಗಿಕೊಂಡು ಅಗಲವಾಗಿರುವ ಕುದುರೆ. ತಂಬೂರಿಯಲ್ಲಿ ಅದರ ಮೇಲೆ ತಂತಿಯ ಕೆಳಗೆ ಇಡುವ ಒಂದು ಎಳೆ ದಾರ. ಎಂದೋ ಯಾರೋ ಹೆಸರಿಲ್ಲದ ವಾದ್ಯಗಾರ ಕಿವಿಯಿಂದ ಕಂಡುಕೊಂಡದ್ದನ್ನು ವಿಜ್ಞಾನಿ ಅಳತೆಯಿಂದ ಕಂಡರು. 1933ರಲ್ಲಿ ರಾಮನ್ನರು ಬೆಂಗಳೂರಿಗೆ ಬಂದು ಇಲ್ಲಿಯವರೇ ಆದರು. ಮುಪ್ಪಿನಲ್ಲಿ ಹೂವಿನ ಬಣ್ಣಗಳ ರಹಸ್ಯವನ್ನು ಹುಡುಕುತ್ತಿದ್ದ ಅವರ ದೇಹ 1970ರಲ್ಲಿ ತಮ್ಮ ಸಂಸ್ಥೆಯ ತೋಟದಲ್ಲಿಯೇ ಅಗ್ನಿಗೆ ಸಂದಿತು.

ಇನ್ನು ಗಂಧದ ಪ್ರಸಂಗ. ಮೈಸೂರಿನ ಗಂಧದ ಕೊರಡುಗಳು ಹರಾಜಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. 1914ರಲ್ಲಿ ಯುದ್ಧ ಬಂದು ಹಡಗಿನ ದಾರಿ ಮುಚ್ಚಿತು. ಮಾಲು ಕೊಳ್ಳುವವರಿಲ್ಲದೆ ರಾಶಿ ಬಿದ್ದಿತು. ಆಗ ದಿವಾನ್ ವಿಶ್ವೇಶ್ವರಯ್ಯನವರ ಕಾಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ಎಂಬ ರಸಾಯನಜ್ಞರು ಎಣ್ಣೆ ಬಟ್ಟಿ ಇಳಿಸುವ ವಿಧಾನವನ್ನು ಸಿದ್ಧಪಡಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಕಾರ್ಖಾನೆಗಳು ನಿಂತವು. ಅನಂತರ ಎಸ್. ಜಿ. ಶಾಸ್ತ್ರಿಗಳು ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದು ಆ ಎಣ್ಣೆಯನ್ನು ಸಾಬೂನಿಗೆ ತಂದರು. ಅರಮನೆಯ ಪರಿಮಳ ಮಧ್ಯಮವರ್ಗದ ಬಚ್ಚಲಿಗೆ ಬಂದದ್ದು ಹೀಗೆ.

ಗಂಧದ ಮರದ ಒಂದು ಗುಣವನ್ನು ಇಲ್ಲಿ ಹೇಳಬೇಕು. ಅದು ತನ್ನ ಬೇರನ್ನು ನೆರೆಯ ಗಿಡಗಳ ಬೇರಿಗೆ ತೊಡಿಸಿ, ಅವುಗಳಿಂದ ನೀರು ಸಾರ ಹೀರಿ ಬೆಳೆಯುತ್ತದೆ. ಒಂಟಿಯಾಗಿ ನೆಟ್ಟರೆ ಏಳಿಗೆಯಾಗದು. ಚೇಗು ಬಲಿತು ಪರಿಮಳ ಕೂಡಲು ದಶಕಗಳು ಬೇಕು. ಹುಚ್ಚಿನ ಮಹನೀಯರ ಚರಿತ್ರೆಯೂ ಹೀಗೆಯೇ ಎಂದು ನನಗೆ ತೋರುತ್ತದೆ. ಶೇಷಣ್ಣನವರ ಹಿಂದೆ ತಂದೆಯಿದ್ದರು, ಆಸ್ಥಾನವಿತ್ತು. ವೆಂಕಟಪ್ಪನವರ ಹಿಂದೆ ಒಬ್ಬ ಅರಸರಿದ್ದರು. 1940ರಲ್ಲಿ ನಾಲ್ವಡಿಯವರು ಗತಿಸಿದ ಮೇಲೆ ಅವರು ಮೈಸೂರು ಬಿಟ್ಟು ಬೆಂಗಳೂರಿಗೆ ಬಂದರು, ಕುಂಚ ಬಹುಮಟ್ಟಿಗೆ ಮೌನವಾಯಿತು. 1965ರಲ್ಲಿ ಬ್ರಹ್ಮಚಾರಿಯಾಗಿಯೇ ತೀರಿಕೊಂಡರು. ನೆರೆಯ ಬೇರು ಕಡಿದರೆ ಗಂಧವೂ ಸೊರಗುತ್ತದೆ.

ಈ ಮಾತನ್ನು ನಾನು ತಡವಾಗಿ ಕಲಿತೆ. ಅಧ್ಯಾಪಕನಾಗಿದ್ದಾಗ ನನ್ನ ತರಗತಿಯಲ್ಲಿ ಕೊಳಲಿನ ಹುಚ್ಚಿನ ಹುಡುಗನೊಬ್ಬನಿದ್ದ. ಅವನ ತಂದೆ ಬಂದು, 'ಮೇಷ್ಟ್ರೇ, ಇದು ಅನ್ನ ಕೊಡುತ್ತದೆಯೇ? ನೀವಾದರೂ ಹೇಳಿ' ಎಂದರು. ನಾನು ಹುಡುಗನನ್ನು ಕರೆದು, 'ಮೊದಲು ಪದವಿ, ಕೆಲಸ. ಕೊಳಲು ಆಮೇಲೆ' ಎಂದೆ. ಅವನು ಒಳ್ಳೆಯ ಶಿಷ್ಯ, ಕೇಳಿದ. ಎಷ್ಟೋ ವರ್ಷದ ಮೇಲೆ ಮದುವೆಮನೆಯೊಂದರಲ್ಲಿ ಸಿಕ್ಕಾಗ ಕಾಲಿಗೆರಗಿ, ಒಳ್ಳೆಯ ಉದ್ಯೋಗದಲ್ಲಿದ್ದೇನೆಂದು ಹೇಳಿದ. ಕೊಳಲಿನ ಮಾತೆತ್ತಿದೆ. 'ಅಟ್ಟದ ಮೇಲಿದೆ ಸಾರ್' ಎಂದು ನಕ್ಕ. ಆ ನಗುವಿನಲ್ಲಿ ದೂರಿರಲಿಲ್ಲ. ಅದೇ ನನ್ನನ್ನು ಹೆಚ್ಚು ನೋಯಿಸಿತು.

ಕೆಲಸ ಹಿಡಿ ಎಂದದ್ದು ತಪ್ಪಲ್ಲ. ರಾಮನ್ನರೂ ಕಚೇರಿಗೆ ಹೋದವರೇ. ನಾನು ಆಡಿದ ತಪ್ಪು ಮಾತು 'ಆಮೇಲೆ' ಎಂಬುದು. ರಾಮನ್ನರು ಆಮೇಲೆ ಎನ್ನಲಿಲ್ಲ. ಅದೇ ದಿನ ಬೆಳಗ್ಗೆ, ಅದೇ ದಿನ ಸಂಜೆ ಎಂದರು. ಮೂವತ್ತು ದಾಟಿದ ವೆಂಕಟಪ್ಪನವರೂ ಆಮೇಲೆ ಎನ್ನಲಿಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಹುಚ್ಚಿದ್ದರೆ ದಿನಕ್ಕೆ ಒಂದು ಗಳಿಗೆಯನ್ನು ಅವರಿಗೆ ಬಿಟ್ಟುಕೊಡಿ. ಆ ಹುಡುಗನಿಗೆ ನಾನು ಹೇಳಬೇಕಾಗಿದ್ದದ್ದೂ ಇಷ್ಟೇ.