ಸಮುದ್ರ ಸೇರಿದ ನೀರು ವೇಸ್ಟಾ?

"ಛೇ, ಅಷ್ಟೂ ನೀರು ಸಮುದ್ರದ ಪಾಲಾಯ್ತು!" ಕೆಆರ್‌ಎಸ್ ಭರ್ತಿಯಾಗಿ ಗೇಟ್ ತೆಗೆದಾಗಲೆಲ್ಲ ಶ್ರೀರಂಗಪಟ್ಟಣದ ಕಡೆ ನಾನು ಕೇಳುತ್ತಾ ಬಂದಿರುವ ಮಾತಿದು. ಬರ ಕಂಡ ರೈತ ಹೀಗೆ ಮರುಗುವುದು ಸಹಜ. ಆದರೆ ಕಾವೇರಿ ಸಮುದ್ರ ಸೇರುವ ಕಡೆ ಏನಿದೆ ಅಂತ ನಾವು ಯಾವತ್ತಾದರೂ ಕೇಳಿದ್ದೀವಾ?

ಅಲ್ಲಿ ಪಿಚಾವರಂ ಇದೆ. ತಮಿಳುನಾಡಿನ ಚಿದಂಬರಂ ಹತ್ತಿರ, ಕಾವೇರಿಯ ಕವಲಾದ ಕೊಳ್ಳಿಡಂ ಮತ್ತು ವೆಳ್ಳಾರ್ ನದಿಯ ಅಳಿವೆಗಳ ನಡುವಿನ ಮ್ಯಾಂಗ್ರೋವ್ ಕಾಡು. ನಮ್ಮ ಕರಾವಳಿಯವರು ಕಾಂಡ್ಲಾ ಅನ್ನೋದು ಇದನ್ನೇ. ಈ ಮರಗಳು ಗಾಳಿಯ ಕಾರ್ಬನ್ ಹೀರಿ ಬೆಳೆಯುತ್ತವೆ. ಉದುರಿದ ಎಲೆ, ಸತ್ತ ಬೇರು ಕೆಸರಲ್ಲಿ ಹೂತುಹೋಗುತ್ತವೆ. ಅಲ್ಲಿ ಆಮ್ಲಜನಕ ಇಲ್ಲದ್ದರಿಂದ ಬೇಗ ಕೊಳೆಯುವುದಿಲ್ಲ. ಕಾರ್ಬನ್ ನೂರಾರು ವರ್ಷ ಹಾಗೇ ಉಳಿಯುತ್ತದೆ. ಇಂಡೋ-ಪೆಸಿಫಿಕ್ ವಲಯದ ಇಂಥ ಕಾಡುಗಳಲ್ಲಿ ಹೆಕ್ಟೇರಿಗೆ ಸರಾಸರಿ 1,023 ಟನ್ ಕಾರ್ಬನ್ ಇದೆ, ಹೆಚ್ಚಿನದು ಮಣ್ಣಿನೊಳಗೇ ಅಂತ 2011ರ ಅಧ್ಯಯನವೊಂದು ಲೆಕ್ಕ ಹಾಕಿತು.

ಪಿಚಾವರಂನ ಈ ಖಜಾನೆಗೆ ಪೆಟ್ಟು ಬಿದ್ದದ್ದು ಎರಡು ಕಡೆಯಿಂದ. ಬ್ರಿಟಿಷರ ಕಾಲದಿಂದ 1970ರ ದಶಕದವರೆಗೆ ಕಾಡನ್ನು ಭಾಗಭಾಗವಾಗಿ ಕಡಿದು ಬೋಳು ಮಾಡಿದರು. ನೆಲ ಕುಸಿಯಿತು, ಉಬ್ಬರದ ನೀರು ನಿಂತು, ಆವಿಯಾಗಿ, ಮಣ್ಣೆಲ್ಲ ಉಪ್ಪಾಗಿ ಗಿಡ ಹುಟ್ಟದಾಯ್ತು. ಇತ್ತ ಮೇಲ್ಗಡೆ 1911ರಲ್ಲಿ ಶುರುವಾದ ಕೆಆರ್‌ಎಸ್ 1930ರ ದಶಕದ ಆರಂಭಕ್ಕೆ ಮುಗಿಯಿತು, 1934ರಲ್ಲಿ ಮೆಟ್ಟೂರು. ಮಂಡ್ಯ ಹಸಿರಾಯಿತು, ನಿಜ. ಅಳಿವೆ ತಲುಪುವ ಸಿಹಿನೀರು, ಹೂಳು ಎರಡೂ ಕಡಿಮೆಯಾದವು.

1990ರ ದಶಕದಲ್ಲಿ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ, ಅರಣ್ಯ ಇಲಾಖೆ, ಊರವರು ಸೇರಿ ಮೀನಿನ ಮೂಳೆಯ ಆಕಾರದಲ್ಲಿ ಕಾಲುವೆ ತೋಡಿದರು. ಉಬ್ಬರದ ನೀರು ಬಂದು ಹೋಗತೊಡಗಿತು, ಕಾಡು ಮತ್ತೆ ಚಿಗುರಿತು. ಆದರೆ ಕಾಲುವೆ ತರುವುದು ಸಮುದ್ರದ ನೀರನ್ನು. ಸಿಹಿನೀರನ್ನು ನದಿಯೇ ತರಬೇಕು.

ನದಿಯ ಲೆಕ್ಕದಲ್ಲಿ ಅದಕ್ಕೆ ಜಾಗ ಎಷ್ಟಿದೆ? 2007ರ ಕಾವೇರಿ ನ್ಯಾಯಮಂಡಳಿ ತೀರ್ಪು ಹಂಚಿದ್ದು 740 ಟಿಎಂಸಿ. ಅದರಲ್ಲಿ ಪರಿಸರಕ್ಕೆ 10, ಅನಿವಾರ್ಯವಾಗಿ ಸಮುದ್ರಕ್ಕೆ ಹೋಗುವ ನೀರು ಅಂತ 4. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲಿಗೆ 14.75 ಟಿಎಂಸಿ ಸೇರಿಸಿತು. ಆ ಎರಡು ಅಂಕಿಗಳು ಹಾಗೇ ಉಳಿದವು. ಕೆಆರ್‌ಎಸ್ ಒಂದರಲ್ಲೇ 49 ಟಿಎಂಸಿ ನಿಲ್ಲುತ್ತದೆ, ನೆನಪಿರಲಿ.

2022ರಲ್ಲಿ ಶ್ರೀರಂಗಪಟ್ಟಣದ ರಂಗನತಿಟ್ಟು ರಾಮ್ಸರ್ ಪಟ್ಟಿ ಸೇರಿತು. ಅದೇ ವರ್ಷ ಪಿಚಾವರಂ ಕೂಡ. ಎರಡೂ ಒಂದೇ ಹೊಳೆಯ ಮಕ್ಕಳು. ಬರದ ವರ್ಷ ರೈತನ ಗದ್ದೆಗೇ ನೀರಿರಲ್ಲ, ಗೊತ್ತು. ಆದರೂ ಬೆಂಗಳೂರಿನ ನಲ್ಲಿಯಲ್ಲಿ ಕಾವೇರಿ ಕುಡಿಯುವ ನಾವಾದರೂ, ಸಮುದ್ರಕ್ಕೆ ಹೋದ ನೀರನ್ನು ನಷ್ಟದ ಖಾತೆಗೆ ಬರೆಯುವುದು ನಿಲ್ಲಿಸಬಹುದು ಅಲ್ವಾ?